ಗೇರುಪೆಟ್ಟಿಗೆಯ ಕೆಂಪೆಣ್ಣೆ

೧೯೫೩ನೆಯ ಇಸವಿಯಲ್ಲಿ ಅಮೆರಿಕಾದ ಷೆವ್ರೊಲೆ ಸಂಸ್ಥೆಯು ‘ಕಾರ್ವೆಟ್’ ಎಂಬ ಕ್ರೀಡಾಕಾರನ್ನು ಮೊದಲ ಬಾರಿಗೆ ತಯಾರಿಸಿತು. ಮಿಷಿಗನ್ ಸಂಸ್ಥಾನದ ಫ್ಲಿಂಟ್ ನಗರದಲ್ಲಿ ಆ ವರ್ಷ ಸಿದ್ಧವಾದ ಕಾರುಗಳು ಕೇವಲ ೩೦೦. ಕ್ರೀಡಾಕಾರು ಎಂದೊಡನೆ ಚಾಲಕನು ಒಂದು ಕೈಯಲ್ಲಿ ಗೇರುಕೋಲನ್ನು ಹಿಡಿದು, ಒಂದು ಕಾಲಿನಿಂದ ಕ್ಲಚ್ಚನ್ನು ತುಳಿಯುತ್ತ ಧಾವಿಸುವ ಚಿತ್ರ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಆ ಮುನ್ನೂರು ಕಾರುಗಳಲ್ಲಿ ಒಂದರಲ್ಲಿಯೂ ಕ್ಲಚ್ಚಿನ ತುಳಿಪಟ್ಟಿ ಇರಲಿಲ್ಲ. ಎಲ್ಲವಕ್ಕೂ ‘ಪವರ್‌ಗ್ಲೈಡ್’ ಎಂಬ, ಎರಡೇ ವೇಗಗಳುಳ್ಳ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಅಳವಡಿಸಲಾಗಿತ್ತು.

ಸ್ವಯಂಚಾಲಿತ ಗೇರುಪೆಟ್ಟಿಗೆಯಲ್ಲಿ ಚಾಲಕನ ಕೈಕಾಲುಗಳು ಮಾಡಬೇಕಾದ ಕೆಲಸವನ್ನು ಮಾಡುವವರು ಯಾರು? ಉತ್ತರ ಸರಳವಾಗಿದೆ: ಕೆಂಪು ಬಣ್ಣದ ಒಂದು ಎಣ್ಣೆ. ಆ ಎಣ್ಣೆ ಹೇಗೆ ದುಡಿಯುತ್ತದೆ, ಏಕೆ ಸೊರಗುತ್ತದೆ, ಅದನ್ನೂ ಅದರ ಶೋಧಕವನ್ನೂ ಕಾರಿನ ಒಡೆಯನು ತನ್ನ ಕೈಯಿಂದಲೇ ಬದಲಾಯಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಉದಾಹರಣೆಗಾಗಿ ನಾಲ್ಕನೆಯ ತಲೆಮಾರಿನ ಕಾರ್ವೆಟ್ಟನ್ನು ತೆಗೆದುಕೊಳ್ಳೋಣ. ಕೆಂಟಕಿ ಸಂಸ್ಥಾನದ ಬೌಲಿಂಗ್ ಗ್ರೀನ್ ನಗರದಲ್ಲಿ ತಯಾರಾದ ಈ ಕಾರಿನ ಮಾದರಿವರ್ಷಗಳು ೧೯೮೪ರಿಂದ ೧೯೯೬ರವರೆಗೆ. ಇಂದು ಈ ಕಾರುಗಳೆಲ್ಲ ಮುಪ್ಪಡರಿದವು. ಆದರೂ ಅಮೆರಿಕಾದಲ್ಲಿ ಅವುಗಳನ್ನು ತಮ್ಮ ಮನೆಯ ಷೆಡ್ಡಿನಲ್ಲಿಯೇ ಅಕ್ಕರೆಯಿಂದ ದುರಸ್ತಿ ಮಾಡಿಕೊಂಡು ಓಡಿಸುವವರು ಅನೇಕರಿದ್ದಾರೆ.

ಈ ಕಾರಿನ ಸ್ವಯಂಚಾಲಿತ ಗೇರುಪೆಟ್ಟಿಗೆಗೆ ಮೊದಲಲ್ಲಿ ‘೭೦೦-ಆರ್೪’ ಎಂದೂ, ಅನಂತರ ‘೪ಎಲ್೬೦’ ಎಂದೂ ಹೆಸರಿತ್ತು. ೧೯೯೪ರ ಕಾರ್ವೆಟ್ಟಿನಿಂದ ಮೊದಲಾಗಿ ಅದು ‘೪ಎಲ್೬೦-ಇ’ ಆಯಿತು. ಈ ಹೆಸರು ಗೂಢಲಿಪಿಯಂತೆ ಕಂಡರೂ ಅದರಲ್ಲಿ ಗೂಢವಾದುದು ಏನೂ ಇಲ್ಲ. ‘೪’ ಎಂದರೆ ಮುಂದಕ್ಕೆ ಓಡುವ ನಾಲ್ಕು ವೇಗಗಳು. ‘ಎಲ್’ ಎಂದರೆ ಕಾರಿನ ಉದ್ದಕ್ಕೆ ಜೋಡಿಸಿದ್ದು. ‘೬೦’ ಎಂಬುದು ಅದು ತಾಳಬಲ್ಲ ತಿರುಚುಬಲದ ಸೂಚಕ. ‘ಇ’ ಎಂದರೆ ವಿದ್ಯುನ್ಮಾನ ನಿಯಂತ್ರಣವುಳ್ಳದ್ದು.

ಎಣ್ಣೆಯ ನಾಲ್ಕು ಉದ್ಯೋಗಗಳು

ಎರಡು ಬೀಸಣಿಗೆ ಯಂತ್ರಗಳನ್ನು ಎದುರು ಬದುರಾಗಿ ಇಡಿರಿ. ಒಂದಕ್ಕೆ ಮಾತ್ರ ವಿದ್ಯುತ್ತನ್ನು ಕೊಡಿರಿ. ಅದು ಬೀಸಿದ ಗಾಳಿಯಿಂದ ಎರಡನೆಯ ಬೀಸಣಿಗೆಯೂ ಮೆಲ್ಲನೆ ತಿರುಗತೊಡಗುತ್ತದೆ. ಇವೆರಡರ ನಡುವೆ ಗಟ್ಟಿಯಾದ ಸಂಬಂಧವಾವುದೂ ಇಲ್ಲ; ಆದರೂ ಶಕ್ತಿ ಒಂದರಿಂದ ಇನ್ನೊಂದಕ್ಕೆ ಹರಿಯಿತು. ಗಾಳಿಯ ಬದಲು ಎಣ್ಣೆಯನ್ನು ತುಂಬಿ, ಎರಡನ್ನೂ ಒಂದೇ ಕವಚದೊಳಗೆ ಮುಚ್ಚಿ, ನಡುವೆ ಪ್ರವಾಹದ ದಿಕ್ಕನ್ನು ತಿದ್ದುವ ಮೂರನೆಯ ಚಕ್ರವೊಂದನ್ನು ಇರಿಸಿದರೆ ‘ಟಾರ್ಕ್ ಕನ್ವರ್ಟರ್’ ಎಂಬ ಸಾಧನ ಸಿದ್ಧವಾಗುತ್ತದೆ. ಇದರ ಮೂಲಪುರುಷನು ಜರ್ಮನಿಯ ಹರ್ಮನ್ ಫಟಿಂಗರ್. ೧೯೦೫ರಲ್ಲಿ ಅವನು ಇದಕ್ಕೆ ಪೇಟೆಂಟನ್ನು ಪಡೆದದ್ದು ಮೋಟಾರುಗಾಡಿಗಾಗಿ ಅಲ್ಲ, ಹಡಗುಗಳ ಯಂತ್ರಗಳಿಗಾಗಿ. ಎಂಜಿನಿನ ಶಕ್ತಿಯನ್ನು ಹೀಗೆ ಹೊತ್ತು ಸಾಗಿಸುವುದು ಕೆಂಪೆಣ್ಣೆಯ ಮೊದಲನೆಯ ಉದ್ಯೋಗ.

ಟಾರ್ಕ್ ಕನ್ವರ್ಟರಿನ ಹಿಂದೆ ಹಲ್ಲುಚಕ್ರಗಳ ಒಂದು ಪುಟ್ಟ ಸೌರವ್ಯೂಹವೇ ಇದೆ. ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಇವೆಲ್ಲವನ್ನೂ ಬಳಸಿದ ವಲಯಚಕ್ರ. ಇಂಥ ಎರಡು ವ್ಯೂಹಗಳು ನಮ್ಮ ಗೇರುಪೆಟ್ಟಿಗೆಯಲ್ಲಿವೆ. ಯಾವ ಚಕ್ರವನ್ನು ತಡೆದು ನಿಲ್ಲಿಸಿದರು, ಯಾವುದನ್ನು ಎಂಜಿನಿಗೆ ಜೋಡಿಸಿದರು ಎಂಬುದರ ಮೇಲೆ ವೇಗದ ಪ್ರಮಾಣ ಬದಲಾಗುತ್ತದೆ. ಒಂದನೆಯ ಗೇರಿನಲ್ಲಿ ಒಳಗಿನ ದಂಡ ೩.೦೬ ಸುತ್ತು ತಿರುಗಿದರೆ ಹೊರಗಿನ ದಂಡ ಒಂದು ಸುತ್ತು ತಿರುಗುತ್ತದೆ. ಎರಡನೆಯದರಲ್ಲಿ ಈ ಪ್ರಮಾಣ ೧.೬೩, ಮೂರನೆಯದರಲ್ಲಿ ೧, ನಾಲ್ಕನೆಯದರಲ್ಲಿ ೦.೭೦. ಚಕ್ರಗಳನ್ನು ಹಿಡಿಯುವ ಮತ್ತು ಬಿಡುವ ಕೆಲಸವನ್ನು ಐದು ಬಹುಫಲಕ ಕ್ಲಚ್ಚುಗಳೂ, ಒಂದು ಉಕ್ಕಿನ ಪಟ್ಟಿಯೂ, ಒಂದೇ ದಿಕ್ಕಿಗೆ ತಿರುಗಗೊಡುವ ಎರಡು ಸಾಧನಗಳೂ ಹಂಚಿಕೊಂಡಿವೆ.

ಈ ಕ್ಲಚ್ಚುಗಳನ್ನು ಅದುಮುವವರು ಯಾರು? ಇಲ್ಲಿ ನಮಗೆ ಪಾಸ್ಕಲನ ನಿಯಮ ನೆನಪಿಗೆ ಬರಬೇಕು. ಮುಚ್ಚಿದ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡ ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ. ಗೇರುಪೆಟ್ಟಿಗೆಯ ಪಂಪು ಎಣ್ಣೆಯನ್ನು ಚದರ ಸೆಂಟಿಮೀಟರಿಗೆ ೧೦ ಕಿಲೋಗ್ರಾಂ ಒತ್ತಡಕ್ಕೆ ಏರಿಸಿತೆನ್ನಿ. ಕ್ಲಚ್ಚಿನ ಕೊಂತದ ವಿಸ್ತೀರ್ಣ ೫೦ ಚದರ ಸೆಂಟಿಮೀಟರ್ ಆಗಿದ್ದರೆ ಅದರ ಮೇಲೆ ಬೀಳುವ ಬಲ ೫೦೦ ಕಿಲೋಗ್ರಾಂ ಭಾರಕ್ಕೆ ಸಮ. ಹೀಗೆ ಒತ್ತಡವನ್ನು ಮುಟ್ಟಿಸುವುದು ಎಣ್ಣೆಯ ಎರಡನೆಯ ಉದ್ಯೋಗ. ತಿರುಗುವ ಭಾಗಗಳು ಸವೆಯದಂತೆ ಜಿಡ್ಡನ್ನು ಒದಗಿಸುವುದು ಮೂರನೆಯದು. ಹುಟ್ಟಿದ ಶಾಖವನ್ನು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಇಳಿಸಿ ಬರುವುದು ನಾಲ್ಕನೆಯದು.

ಜಾರಬೇಕು, ಜಾರಕೂಡದು

ಈ ಎಣ್ಣೆಯ ಮುಂದೆ ಒಂದು ವಿಚಿತ್ರವಾದ ಸಮಸ್ಯೆ ಇದೆ. ಹಲ್ಲುಚಕ್ರಗಳ ನಡುವೆ ಅದು ಜಾರಿಕೆಯನ್ನು ಉಂಟುಮಾಡಬೇಕು. ಕ್ಲಚ್ಚಿನ ಫಲಕಗಳ ನಡುವೆಯಾದರೋ ಹಿಡಿತ ತಪ್ಪದಂತೆ ನೋಡಿಕೊಳ್ಳಬೇಕು. ಆ ಹಿಡಿತವೂ ಒಮ್ಮೆಗೇ ಜಗ್ಗಿದಂತೆ ಬರಕೂಡದು, ನಯವಾಗಿ ಬರಬೇಕು. ಬರಿಯ ಖನಿಜ ತೈಲ ಇದನ್ನು ಸಾಧಿಸಲಾರದು. ಆದುದರಿಂದ ಘರ್ಷಣೆಯನ್ನು ಹದಗೊಳಿಸುವ ದ್ರವ್ಯಗಳನ್ನೂ, ನೊರೆಯನ್ನು ತಡೆಯುವ, ತುಕ್ಕನ್ನು ತಡೆಯುವ, ಆಕ್ಸಿಜನ್ನಿನ ಆಕ್ರಮಣವನ್ನು ತಡೆಯುವ ದ್ರವ್ಯಗಳನ್ನೂ ಅದರಲ್ಲಿ ಬೆರೆಸುತ್ತಾರೆ. ಎಂಜಿನಿನ ಎಣ್ಣೆಯೊಡನೆ ಗೊಂದಲವಾಗದಿರಲೆಂದು, ಎಲ್ಲಿ ಸೋರಿದರೂ ಗುರುತು ಸಿಗಲೆಂದು ಕೆಂಪು ಬಣ್ಣವನ್ನು ಸೇರಿಸುತ್ತಾರೆ.

ಘರ್ಷಣೆಯನ್ನು ಹದಗೊಳಿಸಲು ಒಂದು ಕಾಲದಲ್ಲಿ ಬಳಸುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಹೆಚ್ಚಿನ ಶಾಖವನ್ನು ತಾಳಬಲ್ಲ ಆ ಎಣ್ಣೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ತಿಮಿಂಗಿಲಗಳ ಸಂತತಿ ಅಳಿವಿನ ಅಂಚಿಗೆ ಬಂದಾಗ, ೧೯೭೦ರ ದಶಕದ ಮೊದಲಲ್ಲಿ ಅಮೆರಿಕಾ ಅದರ ಬಳಕೆಯನ್ನು ನಿಷೇಧಿಸಿತು. ರಸಾಯನವಿಜ್ಞಾನಿಗಳು ಕೃತಕ ದ್ರವ್ಯಗಳನ್ನು ಹುಡುಕಬೇಕಾಯಿತು. ಜನರಲ್ ಮೋಟಾರ್ಸ್ ಸಂಸ್ಥೆಯ ಎಣ್ಣೆಯ ಗುಣಮಟ್ಟ ೧೯೪೯ರಲ್ಲಿ ‘ಟೈಪ್ ಎ’ ಎಂಬ ಹೆಸರಿನಿಂದ ಆರಂಭವಾಗಿ, ೧೯೬೭ರಲ್ಲಿ ‘ಡೆಕ್ಸ್‌ರಾನ್’ ಆಗಿ, ೨೦೦೫ರಲ್ಲಿ ‘ಡೆಕ್ಸ್‌ರಾನ್-೬’ ಆಗಿ ಬೆಳೆದುಬಂದಿದೆ. ಡೆಕ್ಸ್‌ರಾನ್-೩ನ್ನು ಬೇಡುವ ಹಳೆಯ ಗೇರುಪೆಟ್ಟಿಗೆಗಳಿಗೂ ಡೆಕ್ಸ್‌ರಾನ್-೬ ಒಗ್ಗುತ್ತದೆಂದು ಸಂಸ್ಥೆಯೇ ತಿಳಿಸಿದೆ. ಎಣ್ಣೆ ಎಂಬ ಹೆಸರಿದ್ದ ಮಾತ್ರಕ್ಕೆ ಯಾವ ಎಣ್ಣೆಯನ್ನಾದರೂ ಸುರಿಯಬಾರದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಣ್ಣೆ ಸೊರಗುವುದೇಕೆ?

ಹಬ್ಬದ ದಿನ ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಮಂದವಾಗಿ, ಕಮಟುವಾಸನೆಯಿಂದ ಕೂಡಿರುವುದನ್ನು ನೀವು ನೋಡಿದ್ದೀರಿ. ಗೇರುಪೆಟ್ಟಿಗೆಯಲ್ಲಿಯೂ ನಡೆಯುವುದು ಅದೇ. ಬಿಸಿ ಎಣ್ಣೆ ಗಾಳಿಯ ಆಕ್ಸಿಜನ್ನಿನೊಡನೆ ಕೂಡಿ ಆಮ್ಲಗಳೂ, ಮೆರುಗೆಣ್ಣೆಯಂಥ ಅಂಟೂ, ಕೆಸರೂ ಆಗುತ್ತದೆ. ಉಷ್ಣತೆ ೧೦ ಡಿಗ್ರಿ ಸೆಂಟಿಗ್ರೇಡ್ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ನಿಯಮ. ಈ ನಿಯಮವನ್ನು ಹಿಡಿದು ಲೆಕ್ಕ ಹಾಕೋಣ. ೮೦ ಡಿಗ್ರಿಯಲ್ಲಿ ೧,೬೦,೦೦೦ ಕಿಲೋಮೀಟರು ಬಾಳುವ ಎಣ್ಣೆ ೯೦ ಡಿಗ್ರಿಯಲ್ಲಿ ೮೦,೦೦೦, ೧೦೦ ಡಿಗ್ರಿಯಲ್ಲಿ ೪೦,೦೦೦, ೧೧೦ ಡಿಗ್ರಿಯಲ್ಲಿ ೨೦,೦೦೦, ೧೨೦ ಡಿಗ್ರಿಯಲ್ಲಿ ೧೦,೦೦೦ ಕಿಲೋಮೀಟರು ಮಾತ್ರ ಬಾಳುತ್ತದೆ. ನಲವತ್ತು ಡಿಗ್ರಿಯ ಏರಿಕೆಗೆ ಆಯುಸ್ಸು ಹದಿನಾರನೆಯ ಒಂದು ಪಾಲಿಗೆ ಇಳಿಯಿತು! ಕ್ರೀಡಾಕಾರನ್ನು ರಭಸದಿಂದ ಓಡಿಸುವವರೂ, ಬೇಸಗೆಯ ನಗರಸಂದಣಿಯಲ್ಲಿ ತೆವಳಿಸುವವರೂ ಎಣ್ಣೆಯನ್ನು ಬೇಗ ಬೇಗ ಬದಲಾಯಿಸಬೇಕಾದುದು ಈ ಕಾರಣದಿಂದ. ಸಾಮಾನ್ಯ ಬಳಕೆಯಲ್ಲಿ ಸುಮಾರು ೫೦,೦೦೦ ಕಿಲೋಮೀಟರಿಗೊಮ್ಮೆ ಬದಲಾಯಿಸುವುದು ಅನೇಕ ಯಂತ್ರಕರ್ಮಿಗಳ ವಾಡಿಕೆ. ಕಾರಿನ ಕೈಪಿಡಿಯ ಮಾತನ್ನು ಮೊದಲು ನೋಡತಕ್ಕದ್ದು.

ಶೋಧಕವೂ ಒಂದು ವಾತಾವರಣವೂ

ಗೇರುಪೆಟ್ಟಿಗೆಯ ತಳದಲ್ಲಿ ಅಗಲವಾದ ಲೋಹದ ತಟ್ಟೆಯೊಂದಿದೆ. ಎಣ್ಣೆ ಕೊನೆಗೆ ಬಂದು ಸೇರುವುದು ಇಲ್ಲಿಗೆ. ಈ ತಟ್ಟೆಯಲ್ಲಿ ಮುಳುಗಿರುವಂತೆ ಫಿಲ್ಟರ್ ಎಂಬ ಶೋಧಕವನ್ನು ಕೂರಿಸಿರುತ್ತಾರೆ. ಪಂಪು ಎಣ್ಣೆಯನ್ನು ಈ ಶೋಧಕದ ಮೂಲಕವೇ ಮೇಲಕ್ಕೆ ಎಳೆದುಕೊಳ್ಳಬೇಕು. ಕ್ಲಚ್ಚಿನ ಫಲಕಗಳಿಂದ ಉದುರಿದ ಪುಡಿಯನ್ನೂ ಲೋಹದ ಕಣಗಳನ್ನೂ ಅದು ತಡೆದು ನಿಲ್ಲಿಸುತ್ತದೆ. ಒತ್ತಡವನ್ನು ಹಂಚುವ ಕವಾಟಗಳು ತಮ್ಮ ರಂಧ್ರಗಳಲ್ಲಿ ಎಷ್ಟು ಬಿಗಿಯಾಗಿ ಕುಳಿತಿರುತ್ತವೆಂದರೆ, ಒಂದು ಸಣ್ಣ ಚೂರು ಸಿಕ್ಕಿಕೊಂಡರೂ ಅವು ಚಲಿಸದೆ ನಿಂತುಬಿಡಬಹುದು.

ಇಲ್ಲಿ ಭೌತವಿಜ್ಞಾನದ ಒಂದು ಸ್ವಾರಸ್ಯವಿದೆ. ಪಂಪು ತನ್ನ ಮುಂದಿನ ಎಣ್ಣೆಯನ್ನು ಹತ್ತು ವಾತಾವರಣದ ಒತ್ತಡದಿಂದ ನೂಕಬಲ್ಲದು. ಆದರೆ ಹಿಂದಿನ ಎಣ್ಣೆಯನ್ನು ಎಷ್ಟು ಬಲದಿಂದ ಎಳೆಯಬಲ್ಲದು? ಸರಿಯಾಗಿ ಹೇಳಬೇಕಾದರೆ ಪಂಪು ಏನನ್ನೂ ಎಳೆಯುವುದಿಲ್ಲ. ಅದು ತನ್ನ ಬಾಯಲ್ಲಿ ಒತ್ತಡವನ್ನು ಕಡಿಮೆ ಮಾಡುತ್ತದೆ. ತಟ್ಟೆಯಲ್ಲಿರುವ ಎಣ್ಣೆಯನ್ನು ವಾತಾವರಣದ ಒತ್ತಡವು ಮೇಲಕ್ಕೆ ತಳ್ಳುತ್ತದೆ. ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಮಾತ್ರ. ಎಂಥ ಬಲವಾದ ಹೀರುಪಂಪೂ ಬಾವಿಯಿಂದ ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ನೀರನ್ನು ಎತ್ತಲಾರದೆಂದು ನೀವು ಓದಿದ್ದೀರಲ್ಲವೆ? ಗೇರುಪೆಟ್ಟಿಗೆಯ ಪಂಪೂ ಆ ಕಟ್ಟಳೆಗೆ ಒಳಪಟ್ಟದ್ದೇ.

ಆದುದರಿಂದ ಶೋಧಕ ಕಟ್ಟಿಕೊಂಡರೆ ಪಂಪಿನ ಬಲ ಏನೂ ನೆರವಾಗದು. ಅದರ ಬಾಯಲ್ಲಿ ಒತ್ತಡ ತೀರ ಕುಸಿದು, ಎಣ್ಣೆಯಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಹೊರಬೀಳುತ್ತದೆ. ದ್ರವವನ್ನು ಅದುಮಿದರೆ ಅದು ಕುಗ್ಗದು, ಗುಳ್ಳೆಯಾದರೆ ಕುಗ್ಗಿಬಿಡುತ್ತದೆ. ಕ್ಲಚ್ಚಿಗೆ ಮುಟ್ಟಬೇಕಾದ ಒತ್ತಡ ಮುಟ್ಟುವುದಿಲ್ಲ. ಫಲಕಗಳು ಜಾರುತ್ತವೆ, ಜಾರಿದಾಗ ಶಾಖ ಹುಟ್ಟುತ್ತದೆ, ಶಾಖದಿಂದ ಎಣ್ಣೆ ಕೆಡುತ್ತದೆ, ಫಲಕಗಳು ಸುಟ್ಟು ಪುಡಿ ಉದುರುತ್ತದೆ, ಆ ಪುಡಿ ಶೋಧಕವನ್ನು ಮತ್ತಷ್ಟು ಕಟ್ಟುತ್ತದೆ. ಈ ವಿಷಚಕ್ರ ಒಮ್ಮೆ ತಿರುಗತೊಡಗಿತೆಂದರೆ ಗೇರುಪೆಟ್ಟಿಗೆಯನ್ನು ಬಿಚ್ಚಿ ಹೊಸದಾಗಿ ಕಟ್ಟುವುದರ ಹೊರತು ಬೇರೆ ದಾರಿ ಉಳಿಯದು. ಕೆಲವು ಲೀಟರು ಎಣ್ಣೆಯನ್ನೂ ಒಂದು ಶೋಧಕವನ್ನೂ ಸಕಾಲದಲ್ಲಿ ಬದಲಾಯಿಸಿದವನಿಗೆ ಇಷ್ಟೊಂದು ವೆಚ್ಚದ ಕಾಟ ತಪ್ಪುತ್ತದೆ.

ಕೆಲಸಕ್ಕೆ ತೊಡಗುವ ಮುನ್ನ

ಎಲ್ಲಕ್ಕಿಂತ ಮೊದಲನೆಯ ಮಾತು ಜೀವರಕ್ಷಣೆಯದು. ಈ ಕಾರು ಸುಮಾರು ಒಂದೂವರೆ ಟನ್ನು ಭಾರವಿದೆ. ಜಾಕಿನಿಂದ ಮೇಲಕ್ಕೆತ್ತಿದ ಕಾರಿನ ಕೆಳಗೆ, ಜಾಕನ್ನು ಮಾತ್ರ ನಂಬಿ, ಎಂದಿಗೂ ನುಸುಳಕೂಡದು. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕೆ ಅಲ್ಲ. ಅದರೊಳಗಿನ ಒಂದು ರಬ್ಬರಿನ ಬಳೆ ಸೋತರೂ ಕಾರು ಕೆಳಕ್ಕೆ ಕುಸಿಯುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಗಟ್ಟಿಯಾದ ಸಮತಟ್ಟಾದ ನೆಲದ ಮೇಲೆ, ಭಾರಕ್ಕೆ ತಕ್ಕ ನಾಲ್ಕು ಉಕ್ಕಿನ ಆಧಾರಗಳನ್ನು ಕೊಟ್ಟು, ಕಾರನ್ನು ಕೈಯಿಂದ ಅಲುಗಿಸಿ ನೋಡಿ, ಅದು ಕದಲದೆಂದು ಖಚಿತವಾದ ಮೇಲೆಯೇ ಒಳಗೆ ಹೋಗಬೇಕು. ಕಾರ್ವೆಟ್ಟಿನ ಮೈ ಗಾಜಿನ ನಾರು ಬೆರೆತ ಪ್ಲಾಸ್ಟಿಕ್ಕಿನದು. ಜಾಕನ್ನು ಕೈಪಿಡಿಯಲ್ಲಿ ತೋರಿಸಿದ ಚೌಕಟ್ಟಿನ ಸ್ಥಳಗಳಿಗೆ ಮಾತ್ರ ಕೊಡಬೇಕು. ನಾಲ್ಕು ಮೂಲೆಗಳನ್ನೂ ಎತ್ತಿದರೆ ಇನ್ನೊಂದು ಪ್ರಯೋಜನವಿದೆ: ತಟ್ಟೆ ಮಟ್ಟಸವಾಗಿರುವುದರಿಂದ ಎಣ್ಣೆ ಒಂದೇ ಕಡೆ ವಾಲಿ ಚೆಲ್ಲುವುದಿಲ್ಲ.

ತಣ್ಣನೆಯ ಎಣ್ಣೆ ಮಂದವಾಗಿ ಹರಿಯುತ್ತದೆ, ಪೂರ್ಣ ಬಿಸಿಯಾದ ಎಣ್ಣೆ ಕೈಯನ್ನು ಸುಡುತ್ತದೆ. ಆದುದರಿಂದ ಕಾರನ್ನು ಸ್ವಲ್ಪ ದೂರ ಓಡಿಸಿ, ತರುವಾಯ ಕೈ ತಾಳುವಷ್ಟು ಆರಗೊಡುವುದು ಒಳ್ಳೆಯದು. ಹತ್ತಿರದಲ್ಲಿಯೇ ಹಾಯುವ ಹೊಗೆಕೊಳವೆ ಎಣ್ಣೆಗಿಂತಲೂ ಬಿಸಿಯಾಗಿರುತ್ತದೆಂಬುದು ನೆನಪಿರಲಿ. ಕಣ್ಣಿಗೆ ಕನ್ನಡಕವನ್ನೂ ಕೈಗೆ ಚೀಲವನ್ನೂ ಧರಿಸಬೇಕು. ಆರು ಲೀಟರಿಗಿಂತ ದೊಡ್ಡದಾದ ಅಗಲ ಬಾಯಿಯ ಪಾತ್ರೆ, ಹೊಸ ಶೋಧಕ, ಹೊಸ ಗ್ಯಾಸ್ಕೆಟ್, ಎಳೆ ಬಿಡದ ಬಟ್ಟೆ, ಉದ್ದನೆಯ ಆಲಿಕೆ, ತಿರುಚುಬಲವನ್ನು ಅಳೆಯುವ ಸ್ಪ್ಯಾನರ್ ಇವೆಲ್ಲ ಸಿದ್ಧವಾಗಿರಲಿ.

ತಟ್ಟೆಯನ್ನು ಇಳಿಸುವುದು

ತಟ್ಟೆಯನ್ನು ಹದಿನಾರು ಬೋಲ್ಟುಗಳು ಹಿಡಿದಿವೆ. ಕಾರ್ಖಾನೆಯ ತಟ್ಟೆಯಲ್ಲಿ ಎಣ್ಣೆ ಬಿಡುವ ಬಿರಡೆ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಒಮ್ಮೆಗೇ ಬಿಚ್ಚಿದವನು ಎಣ್ಣೆಯ ಸ್ನಾನ ಮಾಡಬೇಕಾಗುತ್ತದೆ! ಹಿಂಭಾಗದ ಮತ್ತು ಪಕ್ಕದ ಬೋಲ್ಟುಗಳನ್ನು ತೆಗೆದು, ಮುಂಭಾಗದವನ್ನು ಕೆಲವು ಸುತ್ತು ಮಾತ್ರ ಸಡಿಲಿಸಿದರೆ ತಟ್ಟೆ ಹಿಂದಕ್ಕೆ ಬಾಗಿ, ಎಣ್ಣೆ ಆ ಮೂಲೆಯಿಂದ ಪಾತ್ರೆಗೆ ಧಾರೆಯಾಗಿ ಇಳಿಯುತ್ತದೆ. ತಟ್ಟೆ ಅಂಟಿಕೊಂಡಿದ್ದರೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕೇ ಹೊರತು ಉಳಿಯನ್ನು ತೂರಿಸಿ ಮೀಟಬಾರದು. ಮೇಲಿನ ಕವಚ ಅಲ್ಯೂಮಿನಿಯಮ್ಮಿನದು. ಗೀರು ಬಿದ್ದರೆ ಮುಂದೆ ಅಲ್ಲಿಂದಲೇ ಎಣ್ಣೆ ಜಿನುಗುತ್ತದೆ.

ಹೊರಬಂದ ಎಣ್ಣೆಯನ್ನು ಒಡನೆಯೇ ಸುರಿದುಬಿಡಬೇಡಿ. ಗೇರುಪೆಟ್ಟಿಗೆಯ ಆರೋಗ್ಯವನ್ನು ತಿಳಿಸುವ ವರದಿ ಅದರಲ್ಲಿದೆ. ಬಿಳಿಯ ಕಾಗದದ ಮೇಲೆ ಒಂದು ತೊಟ್ಟನ್ನು ಹಾಕಿ ನೋಡಿ. ಕೆಂಪು ಇಲ್ಲವೆ ಕೆಂಗಂದು ಬಣ್ಣದಿಂದ ತೊಟ್ಟು ಅಗಲವಾಗಿ ಹರಡಿಕೊಂಡರೆ ಎಣ್ಣೆ ಇನ್ನೂ ಜೀವಂತವಾಗಿದೆ. ಕಪ್ಪಾಗಿ, ನಡುವೆ ಮಸಿಯ ಚುಕ್ಕೆಯೊಂದನ್ನು ಉಳಿಸಿ, ಸುಟ್ಟ ವಾಸನೆ ಬಂದರೆ ಕ್ಲಚ್ಚುಗಳು ಜಾರಿ ಸುಟ್ಟಿವೆಯೆಂದು ಸಂದೇಹಪಡಬೇಕು. ಹಾಲು ಬೆರೆಸಿದ ಗುಲಾಬಿ ಬಣ್ಣವಾಗಿದ್ದರೆ ರೇಡಿಯೇಟರಿನೊಳಗಿನ ತಣಿಸುವ ಕೊಳವೆ ತೂತಾಗಿ, ನೀರು ಎಣ್ಣೆಯೊಳಕ್ಕೆ ನುಗ್ಗಿದೆ ಎಂದು ಅರ್ಥ. ಆಗ ಎಣ್ಣೆಯನ್ನು ಬದಲಾಯಿಸಿದರೆ ಸಾಲದು, ಕಾರನ್ನು ಓಡಿಸದೆ ತಜ್ಞನನ್ನು ಕರೆಸಬೇಕು.

ತಟ್ಟೆಯೊಳಗೆ ಒಂದು ಅಯಸ್ಕಾಂತವಿರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣುಪಾದ ಲೇಪ ಅಂಟಿರುವುದು ಸಹಜ. ವರ್ಷಗಟ್ಟಲೆಯ ಸವೆತದ ಉಕ್ಕಿನ ಧೂಳು ಅದು. ಆದರೆ ಬೆರಳಿಗೆ ಚುಚ್ಚುವಂಥ ಚೂರುಗಳು ಕಂಡರೆ ಯಾವುದೋ ಭಾಗ ಮುರಿಯುತ್ತಿದೆ. ಹಿತ್ತಾಳೆಯ ಬಣ್ಣದ ಹೊಳಪಿನ ಚೂರುಗಳು ಅಯಸ್ಕಾಂತಕ್ಕೆ ಅಂಟದೆ ತಟ್ಟೆಯ ತಳದಲ್ಲಿ ಬಿದ್ದಿದ್ದರೆ, ದಂಡಗಳನ್ನು ಹೊತ್ತ ಒಳಬಳೆಗಳು ಸವೆಯುತ್ತಿವೆ. ಬರಿಯ ಕಣ್ಣು ಮತ್ತು ಬೆರಳಿನಿಂದ ಇಷ್ಟು ರೋಗನಿದಾನ ಸಾಧ್ಯ.

ಹೊಸ ಶೋಧಕ

ಶೋಧಕದ ಕೊಳವೆಯನ್ನು ಮೇಲಿನ ರಂಧ್ರದಿಂದ ನೇರವಾಗಿ ಕೆಳಕ್ಕೆ ಎಳೆದರೆ ಅದು ಕಳಚುತ್ತದೆ. ಆದರೆ ಕೊಳವೆಯನ್ನು ಬಿಗಿಹಿಡಿದಿದ್ದ ರಬ್ಬರಿನ ಮುದ್ರೆ ಅನೇಕ ವೇಳೆ ರಂಧ್ರದಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಗಮನಿಸದೆ ಹೊಸ ಮುದ್ರೆಯನ್ನು ಅದರ ಮೇಲೆಯೇ ತುರುಕಿದರೆ ಜೋಡಣೆ ಸರಿಯಾಗಿ ಕೂರದೆ ಸಂದಿನಿಂದ ಗಾಳಿ ಒಳನುಗ್ಗುತ್ತದೆ. ಪರಿಣಾಮವೇನೆಂಬುದನ್ನು ಮೇಲೆಯೇ ಹೇಳಿದ್ದೇವೆ: ಹೊಸ ಶೋಧಕವಿದ್ದರೂ ಪಂಪಿನ ಬಾಯಿಗೆ ಗುಳ್ಳೆಗಳೇ ಸಿಕ್ಕುತ್ತವೆ. ಆದುದರಿಂದ ಹಳೆಯ ಮುದ್ರೆಯನ್ನು, ರಂಧ್ರದ ಗೋಡೆಗೆ ಗೀರು ಬೀಳದಂತೆ, ಜಾಗರೂಕತೆಯಿಂದ ತೆಗೆಯಬೇಕು. ಹೊಸ ಮುದ್ರೆಗೆ ಹೊಸ ಎಣ್ಣೆಯನ್ನು ಸವರಿ ಕೂರಿಸಿ, ಶೋಧಕದ ಕೊಳವೆಯನ್ನು ಅದರೊಳಕ್ಕೆ ಕೊನೆಯವರೆಗೂ ಒತ್ತಬೇಕು.

ತಟ್ಟೆಯನ್ನೂ ಅಯಸ್ಕಾಂತವನ್ನೂ ತೊಳೆದು ಪೂರ್ಣವಾಗಿ ಒಣಗಿಸಬೇಕು. ಎಳೆ ಬಿಡುವ ಹತ್ತಿಯ ಬಟ್ಟೆಯಿಂದ ಒರೆಸಿದರೆ ಆ ಎಳೆಗಳೇ ಹೊಸ ಶೋಧಕಕ್ಕೆ ಮೊದಲ ಕಸವಾದಾವು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬೇಕು. ಹೊಸ ಗ್ಯಾಸ್ಕೆಟ್ಟಿಗೆ ಅಂಟನ್ನು ಬಳಿಯುವುದು ಬೇಡ. ಒಳಕ್ಕೆ ಹಿಂಡಿಬಂದ ಅಂಟು ಕಳಚಿ ಎಣ್ಣೆಯ ದಾರಿಯನ್ನು ಮುಚ್ಚಬಹುದು.

ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ತರುವಾಯ ಒಂದು ಈ ಕಡೆಯದು, ಒಂದು ಆ ಕಡೆಯದು ಎಂಬಂತೆ ಅಡ್ಡಡ್ಡಲಾಗಿ ಬಿಗಿಯಬೇಕು. ಬೇಕಾದ ತಿರುಚುಬಲ ಸುಮಾರು ೧೧ ನ್ಯೂಟನ್-ಮೀಟರು ಮಾತ್ರ. ಇದು ಎಷ್ಟು ಸ್ವಲ್ಪವೆಂಬುದನ್ನು ನೋಡಿ: ೨೦ ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಯಲ್ಲಿ ೫೫ ನ್ಯೂಟನ್, ಎಂದರೆ ಐದೂವರೆ ಕಿಲೋಗ್ರಾಮಿನ ಭಾರಕ್ಕೆ ಸಮನಾದ ಬಲ ಸಾಕು. ಬಲಶಾಲಿಯಾದ ಯುವಕನು ಇದರ ನಾಲ್ಕೈದು ಪಟ್ಟು ಬಲವನ್ನು ತನಗರಿವಿಲ್ಲದೆಯೇ ಹಾಕಬಲ್ಲನು. ಆಗ ಅಲ್ಯೂಮಿನಿಯಮ್ಮಿನ ತಿರುಪುದಾರಿ ಕಿತ್ತುಬರುತ್ತದೆ ಅಥವಾ ತಟ್ಟೆಯ ಅಂಚು ಬಾಗಿ ಎಣ್ಣೆ ಸೋರುತ್ತದೆ. ಹೆಚ್ಚು ಬಿಗಿದರೆ ಹೆಚ್ಚು ಭದ್ರವೆಂಬ ನಂಬಿಕೆ ಇಲ್ಲಿ ಸಲ್ಲದು.

ಮಟ್ಟದ ಲೆಕ್ಕ

ಈಗ ಕಾರನ್ನು ಕೆಳಗಿಳಿಸಿ, ಅಳತೆಕಡ್ಡಿಯ ಕೊಳವೆಯ ಮೂಲಕ ಆಲಿಕೆಯಿಂದ ಸುಮಾರು ನಾಲ್ಕು ಲೀಟರು ಹೊಸ ಎಣ್ಣೆಯನ್ನು ಹೊಯ್ಯಬೇಕು. ಎಂಜಿನನ್ನು ಚಾಲೂ ಮಾಡಿ, ಬ್ರೇಕನ್ನು ಬಲವಾಗಿ ತುಳಿದು, ಗೇರುಕೋಲನ್ನು ಒಂದೊಂದು ಸ್ಥಾನದಲ್ಲಿಯೂ ಕೆಲವು ಕ್ಷಣ ನಿಲ್ಲಿಸಿ ಮತ್ತೆ ನಿಲುಗಡೆಯ ಸ್ಥಾನಕ್ಕೆ ತರಬೇಕು. ಹೀಗೆ ಮಾಡಿದರೆ ಒಳಗಿನ ದಾರಿಗಳೆಲ್ಲ ಎಣ್ಣೆಯಿಂದ ತುಂಬಿಕೊಳ್ಳುತ್ತವೆ. ಅನಂತರ ಸ್ವಲ್ಪ ಸ್ವಲ್ಪವಾಗಿ ಎಣ್ಣೆಯನ್ನು ಸೇರಿಸುತ್ತ ಹೋಗಬೇಕು. ಕೊನೆಯ ಅಳತೆಯನ್ನು ಕಾರನ್ನು ಓಡಿಸಿ ಬಂದ ಮೇಲೆ, ಸಮನೆಲದ ಮೇಲೆ, ಎಂಜಿನ್ ನಡೆಯುತ್ತಿರುವಾಗಲೇ ತೆಗೆಯತಕ್ಕದ್ದು.

ಬಿಸಿಯಾದ ಮೇಲೆಯೇ ಏಕೆ? ಎಣ್ಣೆಯ ಗಾತ್ರ ಪ್ರತಿ ಡಿಗ್ರಿಗೆ ಸುಮಾರು ಹತ್ತು ಸಾವಿರದಲ್ಲಿ ಏಳು ಪಾಲು ಹಿಗ್ಗುತ್ತದೆ. ಗೇರುಪೆಟ್ಟಿಗೆ, ಟಾರ್ಕ್ ಕನ್ವರ್ಟರ್, ತಣಿಸುವ ಕೊಳವೆ ಎಲ್ಲವೂ ಸೇರಿ ಸುಮಾರು ೧೧ ಲೀಟರು ಎಣ್ಣೆ ಇದೆ. ಅದು ೨೫ ಡಿಗ್ರಿಯಿಂದ ೮೫ ಡಿಗ್ರಿಗೆ ಏರಿದರೆ ಹಿಗ್ಗುವ ಪ್ರಮಾಣ ೧೧ × ೦.೦೦೦೭ × ೬೦, ಎಂದರೆ ಸುಮಾರು ಅರ್ಧ ಲೀಟರು. ತಣ್ಣಗಿರುವಾಗ ಕಡ್ಡಿಯ ‘ಪೂರ್ಣ’ ಗುರುತಿನವರೆಗೆ ತುಂಬಿದವನು ಅರ್ಧ ಲೀಟರು ಹೆಚ್ಚಾಗಿ ತುಂಬಿದಂತಾಯಿತು. ಹೆಚ್ಚಾದ ಎಣ್ಣೆ ತಿರುಗುವ ಚಕ್ರಗಳಿಗೆ ತಾಗಿ, ಕಡೆಗೋಲಿಗೆ ಸಿಕ್ಕ ಮೊಸರಿನಂತೆ ನೊರೆಯೆದ್ದು ಗಾಳಿಯನ್ನು ತುಂಬಿಕೊಳ್ಳುತ್ತದೆ. ಕಡಿಮೆಯಾದರೂ ಗಾಳಿ, ಹೆಚ್ಚಾದರೂ ಗಾಳಿ! ಎರಡರ ನಡುವಿನ ಕಿರಿದಾದ ಹಾದಿಯೇ ಸರಿಯಾದ ಮಟ್ಟ.

ಇನ್ನೊಂದು ಲೆಕ್ಕವೂ ಉಂಟು. ತಟ್ಟೆಯನ್ನು ಇಳಿಸಿದಾಗ ಹೊರಬರುವುದು ಸುಮಾರು ೫ ಲೀಟರು ಮಾತ್ರ. ಉಳಿದ ೬ ಲೀಟರು ಮುಖ್ಯವಾಗಿ ಟಾರ್ಕ್ ಕನ್ವರ್ಟರಿನಲ್ಲಿ ಉಳಿಯುತ್ತದೆ. ಎಂದರೆ ಒಮ್ಮೆ ಬದಲಾಯಿಸಿದ ಮೇಲೆಯೂ ಹನ್ನೊಂದರಲ್ಲಿ ಆರು ಪಾಲು, ಶೇಕಡ ೫೫ರಷ್ಟು, ಹಳೆಯ ಎಣ್ಣೆಯೇ. ಕೆಲವು ದಿನ ಓಡಿಸಿ, ಹಳೆಯದೂ ಹೊಸದೂ ಬೆರೆತ ಮೇಲೆ ಮತ್ತೊಮ್ಮೆ ಬದಲಾಯಿಸಿದರೆ ಶೇಕಡ ೩೦ ಉಳಿಯುತ್ತದೆ. ಮೂರನೆಯ ಸಲ ಶೇಕಡ ೧೬. ಗಣಿತದ ತರಗತಿಯಲ್ಲಿ ಕಲಿತ ಗುಣೋತ್ತರ ಶ್ರೇಢಿ ಇದೇ. ಎಷ್ಟು ಸಲ ಮಾಡಿದರೂ ಹಳೆಯದು ಸೊನ್ನೆಯಾಗದು. ಆದರೆ ಸಕಾಲದಲ್ಲಿ ಮತ್ತೆ ಮತ್ತೆ ಬದಲಾಯಿಸುತ್ತಿದ್ದರೆ ಸೊನ್ನೆಯಾಗಬೇಕಾದ ಅಗತ್ಯವೂ ಇಲ್ಲ. ಕೆಲವರು ಬಿರಡೆಯುಳ್ಳ ತಟ್ಟೆಯನ್ನು ಕೊಂಡು ಹಾಕಿಸಿ ಮುಂದಿನ ಸಲದ ಶ್ರಮವನ್ನು ಉಳಿಸಿಕೊಳ್ಳುತ್ತಾರೆ.

ಕಾಗೆಯೂ ತಾಳೆಯ ಹಣ್ಣೂ

“ಲಕ್ಷಾಂತರ ಮೈಲಿ ಓಡಿದ ಹಳೆಯ ಗೇರುಪೆಟ್ಟಿಗೆಯ ಎಣ್ಣೆಯನ್ನು ಮುಟ್ಟಬೇಡಿ, ಬದಲಾಯಿಸಿದರೆ ಅದು ಕೆಟ್ಟುನಿಲ್ಲುತ್ತದೆ” ಎಂಬ ಮಾತು ಕಾರುಗಳ ಲೋಕದಲ್ಲಿ ಬಹಳವಾಗಿ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವೆಷ್ಟು? ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸುವ ಕಾಕತಾಳೀಯ ನ್ಯಾಯವನ್ನು ನೀವು ಕೇಳಿದ್ದೀರಿ. ವರ್ಷಗಟ್ಟಲೆ ಎಣ್ಣೆಯ ಯೋಚನೆಯನ್ನೇ ಮಾಡದವನು ಒಮ್ಮೆಗೇ ಅದನ್ನು ಬದಲಾಯಿಸಲು ಹೊರಡುವುದು ಯಾವಾಗ? ಗೇರು ಜಾರುವುದೋ ಜಗ್ಗುವುದೋ ಕಂಡುಬಂದಾಗ. ಆ ವೇಳೆಗೆ ಕ್ಲಚ್ಚುಗಳು ಆಗಲೇ ಸುಟ್ಟಿರುತ್ತವೆ. ಹೊಸ ಎಣ್ಣೆ ಸುಟ್ಟ ಫಲಕವನ್ನು ಮರಳಿ ಬೆಳೆಸಲಾರದು. ಕೆಲವು ದಿನಗಳಲ್ಲಿ ಗೇರುಪೆಟ್ಟಿಗೆ ನಿಲ್ಲುತ್ತದೆ. ಅಪವಾದ ಎಣ್ಣೆಯ ತಲೆಗೆ ಬರುತ್ತದೆ. ಮೊದಲು ನಡೆದುದೆಲ್ಲವೂ ಆಮೇಲೆ ನಡೆದುದಕ್ಕೆ ಕಾರಣವಲ್ಲ.

ಆದರೆ ಆ ಮಾತನ್ನು ಪೂರ್ಣವಾಗಿ ತಳ್ಳಿಹಾಕುವುದೂ ಸರಿಯಲ್ಲ. ಯಂತ್ರದ ಬಲದಿಂದ ಎಣ್ಣೆಯನ್ನು ರಭಸವಾಗಿ ನುಗ್ಗಿಸಿ ತೊಳೆಯುವ ಪದ್ಧತಿಯೊಂದಿದೆ. ಬಹುಕಾಲದಿಂದ ಮೂಲೆಗಳಲ್ಲಿ ನೆಲೆನಿಂತ ಕೆಸರು ಆ ರಭಸಕ್ಕೆ ಎದ್ದು ಕವಾಟಗಳ ದಾರಿಗೆ ಬಂದು ನಿಲ್ಲುವ ಸಂಭವವುಂಟು. ತಟ್ಟೆಯನ್ನು ಇಳಿಸಿ, ಶೋಧಕವನ್ನು ಬದಲಾಯಿಸಿ, ಬಿದ್ದಷ್ಟು ಎಣ್ಣೆಗೆ ಮಾತ್ರ ಹೊಸದನ್ನು ತುಂಬುವ ನಿಧಾನವಾದ ಕ್ರಮದಲ್ಲಿ ಈ ಅಪಾಯ ಕಡಿಮೆ. ಸುಟ್ಟ ವಾಸನೆಯೂ ಜಾರಿಕೆಯೂ ಆಗಲೇ ಕಂಡುಬಂದಿದ್ದರೆ ಎಣ್ಣೆಯನ್ನು ಕೊಳ್ಳುವ ಮೊದಲು ಗೇರುಪೆಟ್ಟಿಗೆಯನ್ನೇ ಪರೀಕ್ಷಿಸಬೇಕು.

ಕೆಲಸ ಮುಗಿದ ಮೇಲೆ ಉಳಿಯುವ ಹಳೆಯ ಎಣ್ಣೆಯನ್ನು ಮುಚ್ಚಳವುಳ್ಳ ಡಬ್ಬದಲ್ಲಿ ತುಂಬಿಡಬೇಕು. ಚರಂಡಿಗೆ ಇಲ್ಲವೆ ಹಿತ್ತಲಿಗೆ ಸುರಿದರೆ ಅದು ಮಣ್ಣಿಗಿಳಿದು, ಬಾವಿಯ ನೀರನ್ನೂ ಕೆರೆಯ ಮೀನನ್ನೂ ಮುಟ್ಟುತ್ತದೆ. ಅಮೆರಿಕಾದಲ್ಲಿ ಮೋಟಾರುಭಾಗಗಳನ್ನು ಮಾರುವ ಅನೇಕ ಅಂಗಡಿಗಳು ಹಳೆಯ ಎಣ್ಣೆಯನ್ನು ಮರಳಿ ಪಡೆದುಕೊಳ್ಳುತ್ತವೆ; ಅದನ್ನು ಶುದ್ಧಿಮಾಡಿ ಮತ್ತೆ ಬಳಕೆಗೆ ತರಬಹುದು. ಮರುದಿನ ಕಾರು ನಿಂತ ನೆಲವನ್ನು ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ಕೆಂಪು ತೊಟ್ಟುಗಳು ಕಾಣದಿದ್ದರೆ ಹದಿನಾರು ಬೋಲ್ಟುಗಳೂ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿವೆ. ಬದಲಾಯಿಸಿದ ದಿನಾಂಕವನ್ನೂ ಓಡಿದ ದೂರವನ್ನೂ ಕಾರಿನ ಕೈಪಿಡಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸರದಿ ಎಂದೆಂಬುದನ್ನು ಊಹಿಸಬೇಕಾಗಿಲ್ಲ.